ಮಾವನ ಕಾರಿಗೆ ಫಸ್ಟ್ ಕ್ವಾಲಿಟಿ

ಕೆಲವರ ಮನೆಯ ಗೇಟಿನಲ್ಲಿ ನಾಯಿ ಇರುತ್ತದೆ. ನಮ್ಮ ಮಾವನ ಮನೆಯಲ್ಲಿ ಒಂದು ಪ್ರಶ್ನೆ ಇತ್ತು. ನಾಯಿಯಾದರೆ ನಾಲ್ಕು ಸಲ ನೋಡಿದ ಮೇಲೆ ಬಾಲ ಅಲ್ಲಾಡಿಸುತ್ತದೆ. ಪ್ರಶ್ನೆಗೆ ಆ ಸೌಜನ್ಯವೂ ಇರಲಿಲ್ಲ. ಬಂದವರು ಚಪ್ಪಲಿ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತು, ಚಹಾದ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಮಾವ ಕನ್ನಡಕ ತೆಗೆದು ಒರೆಸುತ್ತ ಕೇಳುತ್ತಿದ್ದರು: “ಅಲ್ಲಾ, ಡೀಸೆಲ್‌ಗೊಂದು ಬೆಲೆ, ಪೆಟ್ರೋಲ್‌ಗೊಂದು ಬೆಲೆ. ಯಾಕೆ, ಹೇಳಿ ನೋಡೋಣ.”

ಮಾವ ತೆರಿಗೆ ಇಲಾಖೆಯಲ್ಲಿದ್ದವರು. ವರ್ಷಗಟ್ಟಲೆ ಚೆಕ್‌ಪೋಸ್ಟಿನಲ್ಲಿ ಲಾರಿಗಳನ್ನು ನಿಲ್ಲಿಸಿ ನಿಲ್ಲಿಸಿ, ನಿವೃತ್ತರಾದ ಮೇಲೆ ನಿಲ್ಲಿಸಲು ಏನೂ ಸಿಗದೆ ಮನುಷ್ಯರನ್ನು ನಿಲ್ಲಿಸತೊಡಗಿದ್ದರು. ಅವರಿಗೆ ಹೆದರಿ ನಲ್ಲಿ ರಿಪೇರಿಯವನು ಅರ್ಧ ಬಿಚ್ಚಿದ ನಲ್ಲಿಯನ್ನು ಹಾಗೇ ಬಿಟ್ಟು ಹೋದದ್ದುಂಟು. ಪಕ್ಕದ ಮನೆಯ ಔಷಧಿ ಅಂಗಡಿಯವರು ಮಾತ್ರೆಯನ್ನು ಕಿಟಕಿಯಿಂದಲೇ ಕೊಟ್ಟು ಕಾಲು ಕೀಳುತ್ತಿದ್ದರು. ನಾನು ಹೊಸ ಅಳಿಯನಾಗಿ ಹೋದಾಗ, ಗೊತ್ತಿಲ್ಲ ಮಾವ ಎಂದು ಮೊದಲ ಏಟಿಗೇ ಕೈಚೆಲ್ಲಿಬಿಟ್ಟೆ. ಅವರು ಇಡೀ ಮಧ್ಯಾಹ್ನ ವಿವರಿಸಿದರು. ಒಂದಕ್ಷರವೂ ನನ್ನ ತಲೆಗೆ ಹತ್ತಲಿಲ್ಲ, ಯಾಕೆಂದರೆ ಇದು ಮುಗಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆಂದು ನಾನು ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಎರಡನೆಯದು ಬರಲಿಲ್ಲ. ಅವರಲ್ಲಿದ್ದದ್ದು ಅದೊಂದೇ.

ನಾನೇನೋ ಪಾರಾದೆ. ಸಿಕ್ಕಿಬಿದ್ದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟು, ಷರಟಿನ ಬಟ್ಟೆ ಅಳೆದು ಹರಿದುಕೊಡುವ ಕೆಲಸ ಅವನದು. ಹರಿಯುವಾಗಿನ ಚರ್ರ್ ಸದ್ದಿಗೆ ಮೊದಮೊದಲು ಅವನೇ ಬೆಚ್ಚುತ್ತಿದ್ದನಂತೆ. ಹಲ್ಲಿ, ಲಿಫ್ಟು, ಗ್ಯಾಸ್ ಒಲೆ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಎಲ್ಲಕ್ಕೂ ಹೆದರುವವನು. ಮಾವನ ಬಗೆಗಿನ ಹೆದರಿಕೆ ಇವುಗಳ ಲೆಕ್ಕಕ್ಕೆ ಸೇರದು. ಜೀವನದಲ್ಲಿ ಅವನು ಧೈರ್ಯವಾಗಿ ನಂಬಿದ್ದ ಮಾತು ಒಂದೇ, ಅದೂ ಅಂಗಡಿಯಲ್ಲಿ ಕಲಿತದ್ದು. ದುಬಾರಿ ಇದ್ದರೆ ಫಸ್ಟ್ ಕ್ವಾಲಿಟಿ, ಅಗ್ಗ ಇದ್ದರೆ ಸೆಕೆಂಡ್ಸ್. ಎಳೆ ತಪ್ಪಿದ, ಬಣ್ಣ ಸರಿಯಾಗಿ ಹಿಡಿಯದ ಬಟ್ಟೆಯನ್ನು ಸೆಕೆಂಡ್ಸ್ ಎಂದು ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಅಗ್ಗಕ್ಕೆ ಮಾರುತ್ತಾರಲ್ಲ, ಅದು. ಬೆಲೆಯಲ್ಲಿ ವ್ಯತ್ಯಾಸವಾಗಲು ಲೋಕದಲ್ಲಿ ಇನ್ನೊಂದು ಕಾರಣ ಇರಬಹುದೆಂದು ಅವನು ಕನಸಿನಲ್ಲೂ ನೆನೆದವನಲ್ಲ.

ಇನ್ನು ಅತ್ತೆಯ ವಿಷಯ. ಎರಡು ಕಣ್ಣಿಗೂ ಪೊರೆ ಬಂದು, ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂದು ಅವರು ಬೆರಳಿನಲ್ಲಿ ಮುಟ್ಟಿ ತಿಳಿಯುವಂತಾಗಿತ್ತು. ಷಡ್ಡಕನಿಗೆ ಹೆಣ್ಣು ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಮೂಗು ಇವರದು, ಹಣೆ ಅವರದು ಎಂದು ಎಲ್ಲರೂ ಹಂಚಿಕೊಂಡಾಗಿತ್ತು. ಅತ್ತೆ ಮಾತ್ರ ಮಗುವಿನ ಮುಖ ಸವರಿ, “ಯಾರ ಹಾಗಿದೆ ಅಂತ ನಾನೇ ನೋಡಿ ಹೇಳ್ತೀನಿ. ಅಲ್ಲೀವರೆಗೂ ಯಾರೂ ತೀರ್ಮಾನ ಮಾಡ್ಬೇಡಿ” ಅನ್ನುತ್ತಿದ್ದರು. ಕಣ್ಣಿನ ಡಾಕ್ಟರು ಒಂದು ದಿನ ಗೊತ್ತುಮಾಡಿ ಮಧ್ಯಾಹ್ನ ಆಪರೇಷನ್ನಿಗೆ ಬರಹೇಳಿದ್ದರು. ಅದು ತಪ್ಪಿದರೆ ಡಾಕ್ಟರು ಹೊರದೇಶಕ್ಕೆ ಹೊರಟುಬಿಡುತ್ತಿದ್ದರು. ಅವರು ತಿರುಗಿ ಬರುವ ಹೊತ್ತಿಗೆ ಆ ಕಣ್ಣಿನಲ್ಲಿ ಏನು ಉಳಿದಿರುತ್ತದೋ ಹೇಳಲಾಗದು ಎಂದೂ ಅಂದಿದ್ದರು.

ಆಪರೇಷನ್ನಿಗೆಂದು ನಾವೆಲ್ಲ ಮಾವನ ಮನೆಯಲ್ಲಿ ಸೇರಿದ್ದೆವು. ಇಂಥ ಹೊತ್ತಿನಲ್ಲಿ ಮಾವ, ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡು ಇಲ್ಲದ ಮೆಟ್ಟಿಲನ್ನು ಇಳಿದು ಕಾಲು ಉಳುಕಿಸಿಕೊಂಡರು. ನನಗೆ ಕಾರು ಓಡಿಸಲು ಬರುವುದಿಲ್ಲ. ಬರುತ್ತಿದ್ದರೂ ಮಾವನ ಕಾರನ್ನು ನಾನು ಮುಟ್ಟುತ್ತಿರಲಿಲ್ಲ. ಹಳೆಯ ಕಾರಾದರೂ ಒಂದು ಗೀರಿಲ್ಲದಂತೆ, ಹೆತ್ತ ಮಕ್ಕಳಿಗಿಂತ ಮುದ್ದಾಗಿ ಅದನ್ನು ಸಾಕಿದ್ದರು. ಉಳಿದವನು ಷಡ್ಡಕ. ಹೆಂಡತಿಯ ಕಾಟಕ್ಕೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಆಗಷ್ಟೇ ಲೈಸೆನ್ಸ್ ತೆಗೆದುಕೊಂಡಿದ್ದ. ಗಾಡಿಗೆ ಯಾವ ಎಣ್ಣೆ ಹಾಕಬೇಕೆಂಬುದು ಅಲ್ಲಿಯ ಪಾಠದಲ್ಲಿ ಇರಲಿಲ್ಲ. ಬೆಳಿಗ್ಗೆ ಮಾವ ಕಾರಿನ ಕೀಯನ್ನು ಅವನ ಅಂಗೈಯಲ್ಲಿಟ್ಟು, ಟ್ಯಾಂಕು ತುಂಬಿಸಿಕೊಂಡು ಬನ್ನಿ ಎಂದರು. ಡೀಸೆಲ್ ಎಂದು ಬಾಯಿಬಿಟ್ಟು ಹೇಳಲಿಲ್ಲ. ಬಾವಿಯಿಂದ ಸೇದಿಕೊಂಡು ಬಾ ಅನ್ನುವವರು ನೀರು ಎಂದು ಬಿಡಿಸಿ ಹೇಳುತ್ತಾರೆಯೇ? ಅದರ ಬದಲು, “ದಾರೀಲಿ ಆ ಪ್ರಶ್ನೆ ಯೋಚನೆ ಮಾಡ್ಕೊಂಡು ಬನ್ನಿ ಅಳಿಯಂದ್ರೇ. ಬಂದ್ಮೇಲೆ ಕೇಳ್ತೀನಿ” ಎಂದರು.

ಮುಂದಿನದನ್ನು ಷಡ್ಡಕನೇ ಆಮೇಲೆ ನನಗೆ ಹೇಳಿದ್ದು. ಹೇಳುವಾಗಲೂ ನಡುಗುತ್ತಿದ್ದನಾದ್ದರಿಂದ, ಮಾತು ಬಿಟ್ಟುಹೋದ ಕಡೆಯೆಲ್ಲ ನಾನು ತೇಪೆ ಹಾಕಿದ್ದೇನೆ.

ಬಂಕಿನ ಮುಂದೆ ಬೆಲೆಯ ಹಲಗೆ ಇತ್ತು. ಪೆಟ್ರೋಲಿನ ಬೆಲೆ ಹೆಚ್ಚು, ಡೀಸೆಲಿನದು ಕಡಿಮೆ. ಅದನ್ನು ಕಂಡದ್ದೇ ಅವನಿಗೆ ಜ್ಞಾನೋದಯವಾಯಿತು. ಒಂದು ಫಸ್ಟ್ ಕ್ವಾಲಿಟಿ, ಇನ್ನೊಂದು ಸೆಕೆಂಡ್ಸ್! ಲಾರಿಯವರಿಗೆ ರಾಶಿ ರಾಶಿ ಬೇಕು, ಅದಕ್ಕೆ ಸೆಕೆಂಡ್ಸ್ ಹಾಕಿಸುತ್ತಾರೆ. ಇಷ್ಟು ಸುಲಭದ ಉತ್ತರಕ್ಕೆ ಇಡೀ ಬೀದಿ ಹೆದರಿತ್ತಲ್ಲ ಎಂದು ಅವನಿಗೆ ನಗು ಬಂತು. ಹುಟ್ಟಿದಾಗಿನಿಂದ ಮೊದಲ ಸಲ ಎದೆಯುಬ್ಬಿಸಿ ಕೂತ. ಬಂಕಿನವನು ಕಾರನ್ನು ಒಮ್ಮೆ ನೋಡಿ, “ಡೀಸೆಲ್ ತಾನೇ ಸಾರ್?” ಎಂದ.

“ನಮ್ಮನ್ನ ನೋಡಿದ್ರೆ ಹಾಗನ್ಸುತ್ತೇನ್ರೀ? ನಮ್ಮ ಮಾವನ ಗಾಡಿ ಇದು. ಫಸ್ಟ್ ಕ್ವಾಲಿಟಿ ಹಾಕಿ. ಫುಲ್.”

ಬಂಕಿನವನು ಮುಚ್ಚಳದ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡಿದ. ಬರೆದಿತ್ತು, ಆದರೆ ಮಾವ ದಿನಾ ಒರೆಸಿ ಒರೆಸಿ ಅಕ್ಷರ ಅಳಿಸಿಹೋಗಿತ್ತು. ಹಾಗಾದರೆ ಪೆಟ್ರೋಲಾ ಎಂದು ಕೇಳಿದ. ಮತ್ತೆ ಎಂದು ಷಡ್ಡಕ ಹುಬ್ಬು ಹಾರಿಸಿದ. ಟ್ಯಾಂಕು ಕಂಠದವರೆಗೆ ತುಂಬಿತು.

ಪಕ್ಕದಲ್ಲಿ ಲಾರಿಗೆ ಡೀಸೆಲ್ ಹಾಕಿಸುತ್ತಿದ್ದ ಡ್ರೈವರು ಇದನ್ನೆಲ್ಲ ನೋಡುತ್ತ ನಿಂತಿದ್ದವನು, ಷಡ್ಡಕನ ಕೈ ಕೀ ಕಡೆ ಹೋದದ್ದನ್ನು ಕಂಡು ಕಿಟಕಿಯೊಳಗೆ ತಲೆ ತೂರಿಸಿದ.

“ಸ್ವಾಮಿ, ಇದು ಡೀಸೆಲ್ ಗಾಡಿ. ಕೀ ಮುಟ್ಬೇಡಿ. ತಿರುಗಿಸಿದ್ರೆ ಹೋಯ್ತು.”

“ಏನು ಹೋಯ್ತು?”

“ಎಲ್ಲಾ ಹೋಯ್ತು.”

ಇಂಜಿನ್ನು ಹೋಯಿತು ಎಂದು ಅವನ ಅರ್ಥ. ಆದರೆ ಹೆದರುವವನ ಮೇಲೆ ಹಾವು ಎಸೆದ ಹಾಗಾಯಿತು. ಸುತ್ತ ಪೆಟ್ರೋಲು, ಕೆಳಗೆ ಪೆಟ್ರೋಲು, ಬೆನ್ನ ಹಿಂದೆ ಟ್ಯಾಂಕು ತುಂಬಾ ಪೆಟ್ರೋಲು. ಇಂಥ ಜಾಗದಲ್ಲಿ ಎಲ್ಲಾ ಹೋಗುವುದು ಎಂದರೆ ಏನೆಂದು ಅವನು ಕೇಳಲಿಲ್ಲ. ಬಾಗಿಲು ತೆಗೆದು, ಎರಡೂ ಕೈ ಮೇಲೆತ್ತಿ, ದೂರ ಹೋಗಿ ದೂರ ಹೋಗಿ ಎಂದು ಕೂಗುತ್ತ ಓಡಿದ. ಪೆಟ್ರೋಲ್ ಬಂಕಿನಿಂದ ಒಬ್ಬ ಹಾಗೆ ಓಡಿದರೆ ಯಾರೂ ಕಾರಣ ಕೇಳುತ್ತ ನಿಲ್ಲುವುದಿಲ್ಲ. ಸ್ಕೂಟರಿನವರು ಸ್ಕೂಟರ್ ಬಿಟ್ಟು ಓಡಿದರು. ಎದುರಿನ ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಒಬ್ಬರು ಬಿಳಿ ಬಟ್ಟೆ ಹೊದ್ದೇ ಓಡಿಬಂದು, ನಾವು ಯಾಕೆ ಓಡ್ತಾ ಇದೀವಿ ಎಂದು ಪಕ್ಕದಲ್ಲಿ ಓಡುತ್ತಿದ್ದವರನ್ನು ಕೇಳಿದರಂತೆ. ಅವರು ಷಡ್ಡಕನ ಬೆನ್ನು ತೋರಿಸಿದರಂತೆ.

ಟೈರಿನ ಅಂಗಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದವನನ್ನು ಬಂಕಿನ ಮ್ಯಾನೇಜರು ಹುಡುಕಿ ಹಿಡಿದು ಸಮಾಧಾನ ಹೇಳಿದರು. ಏನೂ ಸಿಡಿಯುವುದಿಲ್ಲ, ಸ್ಟಾರ್ಟ್ ಮಾಡಿದ್ದರೆ ಇಂಜಿನ್ನು ಕೆಡುತ್ತಿತ್ತು, ಮಾಡಿಲ್ಲವಾದ್ದರಿಂದ ಉಳಿಯಿತು. ಮೆಕ್ಯಾನಿಕ್ ಬಂದು ಪೈಪು ಹಾಕಿ ಪೂರ್ತಿ ತೆಗೆದು, ಟ್ಯಾಂಕು ತೊಳೆಯಬೇಕು. ಎಷ್ಟು ಹೊತ್ತಾಗುತ್ತದೆ ಎಂದು ಇವನು ಕೇಳಿದ. ಸಂಜೆಯಾಗುತ್ತದೆ ಎಂದರು. ಅಲ್ಲಿಯವರೆಗೆ ಅವನಿಗಿದ್ದದ್ದು ಬರೀ ದಿಗಿಲು. ಸಂಜೆ ಎಂದ ಕೂಡಲೇ ಅತ್ತೆಯ ಕಣ್ಣು ನೆನಪಾಗಿ, ನಿಜವಾದ ಭಯ ಆಗ ಹತ್ತಿತು. ಮನೆಗೆ ಫೋನ್ ಮಾಡಿದ.

ಇಲ್ಲಿಂದ ಮುಂದಕ್ಕೆ ನಾನೇ ಸಾಕ್ಷಿ. ಫೋನ್ ಎತ್ತಿದವಳು ಅವನ ಹೆಂಡತಿ. ಅವಳು ಅದನ್ನು ಸ್ಪೀಕರಿಗೆ ಹಾಕಿ ಮಗುವಿನ ಬಟ್ಟೆ ಮಡಚುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಅವನು ಪಿಸುಗುಟ್ಟಿದ.

“ಪೆಟ್ರೋಲು ಒಳಗೆ ಹೋಗ್ಬಿಟ್ಟಿದೆ ಕಣೇ. ಮಾವಂಗೆ ಹೇಳ್ಬೇಡ.”

“ಅಯ್ಯೋ. ಎಷ್ಟು ಹೋಗಿದೆ?”

“ಕಂಠದವರೆಗೂ.”

“ಈಗ ಹೇಗಿದೇರೀ?”

“ಜಾಗ ಬಿಟ್ಟು ಅಲ್ಲಾಡೋ ಹಾಗಿಲ್ಲ. ಪೈಪ್ ಹಾಕಿ ತೆಗೀಬೇಕಂತೆ. ತೊಳೀಬೇಕಂತೆ. ಹತ್ತಿರ ಬೆಂಕಿ ಮಾತ್ರ ತರಬಾರದಂತೆ.”

ಅಷ್ಟರಲ್ಲಿ ಬಂಕಿನ ಒಳಗೆ ಫೋನು ಬಳಸಬಾರದೆಂದು ಮ್ಯಾನೇಜರು ಬೈದು ಅದನ್ನು ಆರಿಸಿದರು. ನಮ್ಮ ಕನ್ನಡದಲ್ಲಿ ಯಾರು, ಏನು ಎಂದು ಹೇಳದಿದ್ದರೂ ವಾಕ್ಯ ಸಲೀಸಾಗಿ ನಡೆದುಹೋಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಭಾಷೆಯ ಸೊಗಸು ಎಂದು ಹೊಗಳಿದ್ದರು. ಆ ಸೊಗಸಿಗೆ ಅಂದು ನಮ್ಮ ಮನೆ ಬಲಿಯಾಯಿತು. ಕಾರಿನ ಹೆಸರು ಒಮ್ಮೆಯೂ ಬಾರದ ಆ ಮಾತುಗಳಲ್ಲಿ, ಪೆಟ್ರೋಲು ಹೋದದ್ದು ಗಂಡನ ಹೊಟ್ಟೆಯೊಳಗೆ ಎಂದು ನಾದಿನಿ ತಿಳಿದಳು. ನಾನೂ ಹಾಗೆಯೇ ತಿಳಿದೆ. ಅವಳು ಮಗುವಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದಳು, ನಾನು ಬೀದಿಗೆ ಓಡಿದೆ.

ಔಷಧಿ ಅಂಗಡಿಯವರನ್ನು ಕರೆದುಕೊಂಡು ಬಂದೆ. ಅವರು ಮಾವನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಪೈಪಿಗೆ ಬಾಯಿ ಇಟ್ಟು ಎಣ್ಣೆ ಎಳೆಯಲು ಹೋಗಿ ನುಂಗಿರಬೇಕು, ಇಂಥದ್ದು ಬೇಕಾದಷ್ಟು ನೋಡಿದ್ದೇನೆ ಎಂದರು. ವಾಂತಿ ಮಾಡಿಸಬಾರದು, ಸೀದಾ ಆಸ್ಪತ್ರೆಗೆ ಎಂದರು. ಆದರೆ ಕಂಠದವರೆಗೂ ಅಂದರೆ ಬಹಳ ಆಯಿತಲ್ಲ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಮಹಡಿ ಮನೆಯಾಕೆ ವಿಷಯ ತಿಳಿದ ಕೂಡಲೇ ತಮ್ಮ ಒಲೆ ಆರಿಸಿ, ನಮ್ಮ ಒಲೆ ಆರಿಸಿ, ಬೀದಿಯವರಿಗೆಲ್ಲ ಒಲೆ ಆರಿಸಲು ಹೇಳಿ ಬಂದರು. ಷಡ್ಡಕ ಮನೆಗೆ ಬಂದರೆ ಎಂಬ ಮುಂಜಾಗ್ರತೆ. ಆಮೇಲೆ ನಾದಿನಿಯ ಕಿವಿಯಲ್ಲಿ, “ಪಾಪ, ಆ ಪ್ರಶ್ನೆಗೆ ಹೆದರಿ ಹೆದರಿ, ರುಚಿ ನೋಡಿಯಾದ್ರೂ ಉತ್ತರ ಸಿಗುತ್ತಾ ಅಂತ ಕುಡಿದ್ರೋ ಏನೋ” ಎಂದು ಗುಟ್ಟಾಗಿ ಹೇಳಿದರು. ಆಕೆಯ ಗುಟ್ಟು ಹಿಂದಿನ ಬೀದಿಗೂ ಕೇಳುತ್ತದೆ. ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದ ಮಾವನಿಗೆ ಕೇಳದೆ ಇದ್ದೀತೇ?

ಎಲ್ಲರೂ ಮಾವನ ಕಡೆ ತಿರುಗಿದೆವು. ಇಷ್ಟು ವರ್ಷ ನಾವೆಲ್ಲ ಅವರಿಗೆ ಹೆದರಿದ್ದೆವು. ಅವರು ಹೆದರಿದ್ದನ್ನು ಕಂಡದ್ದು ಅಂದೇ.

“ಕುಡಿದದ್ದು ಪೆಟ್ರೋಲೋ, ಡೀಸೆಲ್ಲೋ?” ಎಂದು ಕೇಳಿದರು.

ಔಷಧಿ ಅಂಗಡಿಯವರು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದು, ಪೆಟ್ರೋಲು ಎಂದರು.

“ನಾನು ಸುಮ್ನೆ ಮಾತಿಗೆ ಕೇಳ್ತಿದ್ದೆ ಕಣ್ರೀ. ಪ್ರಾಣ ಕೊಡೋ ಅಷ್ಟು ದೊಡ್ಡ ಪ್ರಶ್ನೆ ಅಲ್ಲ ಅದು” ಎಂದು ಮಾವ ಗೋಡೆ ಹಿಡಿದುಕೊಂಡು ಎದ್ದರು.

ಬಾಡಿಗೆ ಕಾರೊಂದು ಸಿಕ್ಕಿತು. ಆಪರೇಷನ್ನಿಗೆಂದು ಆಗಲೇ ಸಿದ್ಧರಾಗಿ ಕೂತಿದ್ದ ಅತ್ತೆ, ತನ್ನನ್ನು ಬಿಟ್ಟು ಹೋಗುವುದಾದರೆ ಕಣ್ಣೇ ಬೇಡ ಎಂದು ನನ್ನ ಭುಜ ಹಿಡಿದು ಹತ್ತಿದರು. ಮಾವ, ಅತ್ತೆ, ಮಗುವನ್ನೆತ್ತಿಕೊಂಡ ನಾದಿನಿ, ಒಂದು ಬಕೆಟ್ಟು ಹಿಡಿದ ಔಷಧಿ ಅಂಗಡಿಯವರು, ನಾನು. ಮನೆ ಕಾಯಲು ನನ್ನ ಹೆಂಡತಿ ಉಳಿದಳು. ಬಕೆಟ್ಟು ಯಾಕೆಂದು ಯಾರೂ ಕೇಳಲಿಲ್ಲ. ದಾರಿಯಲ್ಲಿ ವಿಷಯ ಕಿವಿಗೆ ಬಿದ್ದು, ಬಾಡಿಗೆ ಕಾರಿನವನು ನಮ್ಮನ್ನು ಬಂಕಿನ ಮುಂದೆ ಇಳಿಸಿ, ತಿರುಗಿಯೂ ನೋಡದೆ ಹೊರಟುಹೋದ. ಪೆಟ್ರೋಲು ಕುಡಿದವನನ್ನು ಕೂರಿಸಿಕೊಳ್ಳಲು ಅವನೇನು ಹುಚ್ಚನೇ?

ಷಡ್ಡಕ ಬಂಕಿನ ಕಟ್ಟೆಯ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಕುಂಟುತ್ತ, ಕೋಲು ಎತ್ತಿ ಬೀಸುತ್ತ ಬರುತ್ತಿದ್ದ ಮಾವ ಅವನ ಕಣ್ಣಿಗೆ ಬಿದ್ದರು. ಬದುಕಿದ್ದಾನಲ್ಲ ಎಂಬ ಸಂತೋಷಕ್ಕೆ ಅವರು ಕೋಲೆತ್ತಿದ್ದು. ಅವನು ಅದನ್ನು ಬೇರೆ ರೀತಿ ಓದಿಕೊಂಡ. ಬಂಕಿನ ಟಾಯ್ಲೆಟ್ಟಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡ. ನಾದಿನಿ ಬಾಗಿಲು ತಟ್ಟಿದಳು, ನಾನು ತಟ್ಟಿದೆ, ಔಷಧಿ ಅಂಗಡಿಯವರು ಬಕೆಟ್ಟಿನಿಂದ ತಟ್ಟಿದರು. ಚಿಲಕ ಮಾತ್ರ ತೆರೆಯಲಿಲ್ಲ. ಕೊನೆಗೆ ಮಾವ ಬಾಗಿಲಿಗೆ ಹಣೆ ಆನಿಸಿ ನಿಂತರು.

“ಅಳಿಯಂದ್ರೇ, ಹೊರಗೆ ಬನ್ನಿ. ನಂಗೆ ಉತ್ತರ ಬೇಡ. ಎರಡರ ಬೆಲೆನೂ ಒಂದೇ ಅಂದ್ಕೊಳ್ಳೋಣ.”

ಮಾವನ ಬಾಯಲ್ಲಿ ಈ ಮಾತು! ಒಳಗಿನಿಂದ ಅಳುವ ದನಿ ಬಂತು.

“ತಪ್ಪಾಯ್ತು ಮಾವ. ಒಳ್ಳೇದಿರ್ಲಿ ಅಂತ ಪೆಟ್ರೋಲ್ ಹಾಕಿಸ್ದೆ.”

“ಹಾಕಿಸ್ದೆ ಅಂದ್ರೆ? ಎಲ್ಲಿಗೆ?”

“ಟ್ಯಾಂಕಿಗೆ.”

ಅಂತೂ ಬೆಳಿಗ್ಗೆಯಿಂದ ಕಾಣೆಯಾಗಿದ್ದ ಪದ ಸಿಕ್ಕಿತು. ವಾಕ್ಯಕ್ಕೆ ಚತುರ್ಥೀ ವಿಭಕ್ತಿ ಬಂದು ಷಡ್ಡಕನ ಹೊಟ್ಟೆ ಖಾಲಿಯಾಯಿತು. ಔಷಧಿ ಅಂಗಡಿಯವರು ಬಕೆಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದರು. ಬಾಗಿಲು ತೆರೆಯಿತು. ನಾವೆಲ್ಲ ಮಾವನ ಮುಖ ನೋಡಿದೆವು. ಹೆತ್ತ ಮಕ್ಕಳಿಗಿಂತ ಮುದ್ದಾದ ಕಾರು ಎದುರಿಗೇ ನಿಂತಿತ್ತು. ಅವರು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಅತ್ತೆ, “ಗಂಟೆ ಎಷ್ಟಾಯ್ತು?” ಎಂದು ಕೇಳಿದರು. ನಾದಿನಿ, ಮಧ್ಯಾಹ್ನವಾಗಿಬಿಟ್ಟಿತು ಎಂದಳು. ಅವರು ತಲೆ ತಗ್ಗಿಸಿ, ಮಗುವಿನ ಕಾಲನ್ನು ಹುಡುಕಿ ಹಿಡಿದುಕೊಂಡರು.

ಮಾವ ಬಾಯಿ ಮುಚ್ಚಿದರು. ಕಾರಿನ ಮೇಲೊಮ್ಮೆ ಕೈಯಾಡಿಸಿ, ಇದು ಸಂಜೆವರೆಗೂ ಕಾಯುತ್ತದೆ ಎಂದು ತಮಗೇ ಹೇಳಿಕೊಂಡು, ಸುತ್ತ ನೋಡಿದರು. ನಮ್ಮನ್ನೆಲ್ಲ ಹೊರುವ ಗಾಡಿ ಇದ್ದದ್ದು ಒಂದೇ, ಆ ಲಾರಿ. ತಮಾಷೆ ನೋಡಲೆಂದು ಇನ್ನೂ ಅಲ್ಲೇ ನಿಂತಿದ್ದ ಡ್ರೈವರು ಮಾವನ ಮುಖ ಸರಿಯಾಗಿ ನೋಡಿದ್ದು ಆಗಲೇ. ಒಂದು ಕಾಲದಲ್ಲಿ ಚೆಕ್‌ಪೋಸ್ಟಿನಲ್ಲಿ ಇದೇ ಮಾವ ಅವನ ಲಾರಿಯ ಸರಕೆಲ್ಲ ಇಳಿಸಿ ಎಣಿಸಿ ಮತ್ತೆ ಹೇರಿಸಿದ್ದರಂತೆ. ಅವನ ಕೈ ತಾನಾಗಿ ಕಾಗದ ಪತ್ರದ ಜೇಬಿಗೆ ಹೋಯಿತು. ಆಸ್ಪತ್ರೆಗೆ ಬಿಡ್ತೀಯಾ ಎಂದು ಮಾವ ಕೇಳಿದರು. ಹೆದರಿದವನು ಯಾರಿಗೂ ಇಲ್ಲ ಅನ್ನುವುದಿಲ್ಲ. ಬಂಕಿನ ಸ್ಟೂಲು ಹಾಕಿ, ಅತ್ತೆಯನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿದೆವು. ಮಾವ, ಮಗು, ನಾದಿನಿ ಮುಂದೆ. ನಾನು, ಷಡ್ಡಕ, ಔಷಧಿ ಅಂಗಡಿಯವರು ಹಿಂದೆ, ಲಾರಿ ಹೊತ್ತಿದ್ದ ಖಾಲಿ ಬಾಟಲಿಗಳ ನಡುವೆ. ಪ್ರತಿ ಗುಂಡಿಗೂ ಆ ಬಾಟಲಿಗಳು ಒಟ್ಟಿಗೆ ಗಡಗಡ ನಡುಗುತ್ತಿದ್ದವು. ನಮ್ಮ ಹಲ್ಲಿನ ಸದ್ದು ಅದರಲ್ಲಿ ಮುಚ್ಚಿಹೋಯಿತು.

ಡಾಕ್ಟರು ಕೈಗವಸು ಕಳಚುವುದರಲ್ಲಿದ್ದರು. ಬೈದರು, ಆದರೆ ಒಳಗೆ ಕರೆದುಕೊಂಡರು.

ಹೊರಗೆ ಬೆಂಚಿನ ಮೇಲೆ ನಾವು ಕೂತೆವು. ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಪ್ರಶ್ನೆ ಬಂತು ಎಂದುಕೊಂಡೆ. ಬರಲಿಲ್ಲ. ಅವರು ಒರೆಸುತ್ತಲೇ ಇದ್ದರು, ಕೈ ನಡುಗಿ ಕನ್ನಡಕ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುವುದು, ನೆಲ ನೋಡುವುದು, ಮತ್ತೆ ಬಾಗಿಲು. ಏನಾದರೂ ಹೇಳಬೇಕು ಅನ್ನಿಸಿತು, ನನಗೆ ಧೈರ್ಯ ಸಾಲಲಿಲ್ಲ. ಆಗ ಷಡ್ಡಕ, ಹಲ್ಲಿಗೆ ಹೆದರುವ ನನ್ನ ಷಡ್ಡಕ, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತ.

“ಮಾವ, ಡೀಸೆಲ್‌ಗೊಂದು ಬೆಲೆ, ಪೆಟ್ರೋಲ್‌ಗೊಂದು ಬೆಲೆ. ಯಾಕೆ ಮಾವ?”

ಮಾವ ಕನ್ನಡಕ ಹಾಕಿಕೊಂಡು ಅವನ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಶುರುಮಾಡಿದರು. ನೆಲದಿಂದ ತೆಗೆದ ಒಂದೇ ಎಣ್ಣೆಯನ್ನು ಕಾಯಿಸಿ ಬೇರೆ ಮಾಡುವುದು, ಹಗುರವಾದದ್ದು ಮೇಲೆ ಪೆಟ್ರೋಲಾಗಿ, ಭಾರದ್ದು ಅದರ ಕೆಳಗೆ ಡೀಸೆಲಾಗಿ ಇಳಿಯುವುದು. ಎರಡೂ ಒಂದೇ ತಾಯಿಯ ಮಕ್ಕಳು, ಒಂದನ್ನು ಬಿಟ್ಟು ಒಂದನ್ನೇ ತೆಗೆಯಲಾಗದು, ಹಾಗಾಗಿ ಯಾವುದು ಯಾರಿಗೆ ಎಷ್ಟು ಬೇಕು ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಅದರ ಮೇಲೆ ಸರ್ಕಾರದ ತೆರಿಗೆ. ಲಾರಿ ಓಡುವುದು ಡೀಸೆಲಿನಲ್ಲಿ. ಅದಕ್ಕೆ ತೆರಿಗೆ ಹೇರಿದರೆ ಅಂಗಡಿಯ ಸೋಪಿನಿಂದ ಹಿಡಿದು ಎಲ್ಲದರ ಬೆಲೆ ಏರುತ್ತದೆಂದು ಕೆಲವು ಕಡೆ ಕಡಿಮೆ ಹಾಕುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ಡೀಸೆಲೇ ದುಬಾರಿ. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ಹಾಗಾದರೆ ಡೀಸೆಲ್ ಸೆಕೆಂಡ್ಸ್ ಅಲ್ಲವೇ ಎಂದು ಷಡ್ಡಕ ಕೇಳಿದ. ಅಲ್ಲ ಅಳಿಯಂದ್ರೇ, ಅಗ್ಗ ಆದದ್ದೆಲ್ಲ ಕೀಳಲ್ಲ ಎಂದರು ಮಾವ. ಈ ಸಲ ನಾನೂ ಪೂರ್ತಿ ಕೇಳಿಸಿಕೊಂಡೆ. ಅವರ ಕೈ ನಡುಗುವುದು ನಿಂತಿತ್ತು. ಆಗ ನನಗೆ ಹೊಳೆಯಿತು, ಈ ಮನುಷ್ಯ ಇಷ್ಟು ವರ್ಷ ನಮ್ಮನ್ನು ಹೆದರಿಸಲು ಕೇಳುತ್ತಿದ್ದದ್ದಲ್ಲ. ಮನೆಗೆ ಬಂದವರ ಹತ್ತಿರ ಏನು ಮಾತಾಡಬೇಕೆಂದು ಅವರಿಗೇ ಹೆದರಿಕೆ. ಗೊತ್ತಿದ್ದ ಮಾತು ಅದೊಂದೇ, ಅದನ್ನು ಹಿಡಿದುಕೊಂಡಿದ್ದರು.

ನರ್ಸು ಬಂದು ಎಲ್ಲ ಸರಿಯಾಗಿದೆ ಎಂದಾಗ ಮಾವನಿಗೆ ತೆರಿಗೆಯ ಅರ್ಧ ಭಾಗ ಇನ್ನೂ ಬಾಕಿ ಇತ್ತು.

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಅತ್ತೆ ಮೊದಲು ಬೆಳಕಿಗೆ ಕಣ್ಣು ಕಿರಿದು ಮಾಡಿ, ಆಮೇಲೆ ಮಗುವನ್ನು ಹತ್ತಿರ ತರಿಸಿಕೊಂಡರು. ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಅತ್ತೆ ಅದರ ಮುಖವನ್ನೇ ನೋಡಿದರು. ಕೆನ್ನೆಯ ಮೇಲೆ ನೀರು ಇಳಿಯಿತು, ನಾದಿನಿ ಒರೆಸಲು ಹೋದರೆ ತಡೆದರು. ಹಣೆ ನಮ್ಮನೇದು, ಮೂಗು ಅಳಿಯಂದ್ರದ್ದು ಎಂದು ಒಂದೊಂದಾಗಿ ತೀರ್ಪು ಕೊಟ್ಟರು.

“ಬಾಯಿ ಮಾತ್ರ ಇವರದ್ದೇ” ಎಂದು ಮಾವನನ್ನು ತೋರಿಸಿದರು.

ಮಗು ನಮ್ಮಿಬ್ಬರು ಅಳಿಯಂದಿರನ್ನು ದಿಟ್ಟಿಸಿ ನೋಡಿ, ಹುಬ್ಬು ಗಂಟಿಕ್ಕಿ, ಏನೋ ಕೇಳುವ ಹಾಗೆ ಬಾಯಿ ತೆರೆಯಿತು. ನಾನೂ ಷಡ್ಡಕನೂ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದೆವು.